ಅಜ್ಜಿಯೂ ಅವಳೇ, ಅತ್ತೆಯೂ ಅವಳೇ

ನನ್ನ ಮಗಳು ಈಗ ಒಂದನೇ ಕ್ಲಾಸು. ಅವಳ ಬ್ಯಾಗಿನಲ್ಲಿರುವ ಪುಸ್ತಕಗಳಲ್ಲಿ ತೀರಾ ತೆಳ್ಳಗಿರುವುದು ಸೋಶಿಯಲ್ ಪುಸ್ತಕ. ನಾನು, ನನ್ನ ಕುಟುಂಬ, ನನ್ನ ಮನೆ, ನಮ್ಮ ಓಣಿ, ನಮಗೆ ನೆರವಾಗುವವರು, ಇಷ್ಟೇ ಪಾಠ. ಇಂಗ್ಲಿಷ್ ಮೀಡಿಯಂ ಎಂದು ಮೊದಲೇ ಹೆದರಿದ್ದ ನಾನು ಇದೊಂದನ್ನು ನೋಡಿ ನಿರಾಳವಾಗಿದ್ದೆ. ಅಪ್ಪ ಯಾರು, ಅವ್ವ ಯಾರು ಎಂಬುದನ್ನು ಆರು ವರ್ಷದ ಕೂಸಿಗೆ ಪುಸ್ತಕ ಇಟ್ಟುಕೊಂಡು ಕಲಿಸಬೇಕೇ ಎಂದು ನಕ್ಕೂ ಇದ್ದೆ. ಕೊನೆಗೆ ವರ್ಷವಿಡೀ ನನ್ನ ತಲೆ ತಿಂದದ್ದು ಅದೇ ಪುಸ್ತಕ.

'ನನ್ನ ಮನೆ' ಪಾಠದಲ್ಲಿ ಕೆಂಪು ಹೆಂಚಿನ ಇಳಿಜಾರು ಮಾಡು, ಅದರ ಮೇಲೊಂದು ಹೊಗೆಗೂಡು. ನಾವಿರುವುದು ತೆಲುಗು ಸೀಮೆಯ ತಾಂಡೂರಿನಲ್ಲಿ. ಇಲ್ಲಿ ನೆಲಕ್ಕೂ ಕಲ್ಲು, ಮಾಳಿಗೆಗೂ ಕಲ್ಲು, ಒಲೆ ಇಡುವ ಕಟ್ಟೆಗೂ ಕಲ್ಲು, ಮನೆಗೆ ಬರುವ ಸಂಬಳವೂ ಕಲ್ಲಿನದೇ. ನನ್ನ ಗಂಡ ಬಂಡೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಾರೆ. ಆದರೂ ನಮ್ಮ ಹುಡುಗಿ ಹೊಗೆಗೂಡಿನ ಮನೆಯನ್ನೇ ಬರೆದು ಕೆಳಗೆ 'ನನ್ನ ಮನೆ' ಎಂದು ಬರೆದಳು. ಬರೆಯಲಿ ಬಿಡು, ನಮ್ಮಪ್ಪನ ಗಂಟೇನು ಹೋಗುತ್ತದೆ ಎಂದು ಸುಮ್ಮನಾದೆ.

ಸುಮ್ಮನಾಗಲು ಬಿಡದಿದ್ದುದು 'ನನ್ನ ಕುಟುಂಬ'.

ಪಾಠ ಮುಗಿದ ಮೇಲೆ ಸ್ಕೂಲಿನಿಂದ ಒಂದು ಚಾರ್ಟ್ ಹಾಳೆ ಮನೆಗೆ ಬಂತು. ಅದರ ಮೇಲೆ ಒಂದು ಮರ, ಮರದ ತುಂಬ ಒಂಬತ್ತು ಚೌಕ. ಬುಡದಲ್ಲಿ ಮಗು. ಅದರ ಮೇಲೆ ಅಪ್ಪ, ಅವ್ವ. ಎಡಗಡೆ ಅಪ್ಪನ ತಂದೆ, ತಾಯಿ, ಮತ್ತೆ ಅಪ್ಪನ ಅಕ್ಕನೋ ತಂಗಿಯೋ. ಬಲಗಡೆ ಅವ್ವನ ತಂದೆ, ತಾಯಿ, ಮತ್ತೆ ಅವ್ವನ ಅಣ್ಣನೋ ತಮ್ಮನೋ. ಪ್ರತಿ ಚೌಕಕ್ಕೂ ಒಂದು ಫೋಟೋ ಅಂಟಿಸಬೇಕು. ಪೇರೆಂಟ್ಸ್ ಡೇ ದಿನ ಎಲ್ಲರ ಮರಗಳನ್ನೂ ಗೋಡೆಗೆ ಹಚ್ಚುತ್ತಾರೆ, ಮಕ್ಕಳು ತಮ್ಮ ತಮ್ಮ ಮರದ ಪಕ್ಕ ನಿಂತು ಇಂಗ್ಲಿಷಿನಲ್ಲಿ ಹೇಳಬೇಕು.

ಒಂಬತ್ತು ಚೌಕ ನೋಡಿದ ಕೂಡಲೇ ನಮ್ಮವರನ್ನು ಬೆರಳು ಮಡಚಿ ಎಣಿಸಿದೆ. ಯಾಕೆಂದರೆ ನಾನು ಮದುವೆಯಾಗಿರುವುದು ನನ್ನ ಸೋದರಮಾವನನ್ನು. ನನ್ನ ಅವ್ವನಿಗೆ ಇರುವುದು ಒಬ್ಬನೇ ತಮ್ಮ, ಆ ತಮ್ಮನೇ ನನ್ನ ಗಂಡ. ಹಾಗಾಗಿ ನನ್ನ ಕಡೆಯಿಂದ ನೋಡಿದರೆ ಅವ್ವ ನನ್ನ ಮಗಳಿಗೆ ಅಜ್ಜಿ. ಅಪ್ಪನ ಕಡೆಯಿಂದ ನೋಡಿದರೆ ಅವಳೇ ಸೋದರತ್ತೆ. ಮನೆಯಲ್ಲಿ ಇದು ಯಾರಿಗೂ ಗೋಜಲಲ್ಲ. ಮಗಳು ಆಯಿ ಎಂದು ಕರೆಯುತ್ತಾಳೆ, ಅವ್ವ ಓ ಎನ್ನುತ್ತಾಳೆ, ಮುಗಿಯಿತು. ನಮ್ಮ ಕಡೆ ಮನೆಗೊಂದು ಇಂಥ ಮದುವೆ ಸಿಗುತ್ತದೆ. ಆದರೆ ಹಾಳೆಯ ಮೇಲೆ ಚೌಕ ಒಂಬತ್ತು, ನಮ್ಮಲ್ಲಿ ಮಂದಿ ಎಂಟೇ.

ಮಗಳು ಯಾರನ್ನೂ ಕೇಳಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ ಎಲ್ಲರ ಪಾಸ್‌ಪೋರ್ಟ್ ಸೈಜ್ ಫೋಟೋಗಳನ್ನು ಹಾಕಿಸಿ ತಂದಿದ್ದೆ. ಅವಳು ಆಯಿಯ ಎರಡು ಫೋಟೋ ಕತ್ತರಿಸಿ, ಒಂದನ್ನು ಬಲಗಡೆ ಅಜ್ಜಿಯ ಚೌಕಕ್ಕೆ, ಇನ್ನೊಂದನ್ನು ಎಡಗಡೆ ಅತ್ತೆಯ ಚೌಕಕ್ಕೆ ಹಚ್ಚಿ, ಕೈಗೆ ಮೆತ್ತಿದ ಗೋಂದನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು.

ಮೂರನೇ ದಿನ ಚಾರ್ಟ್ ವಾಪಸ್ಸು ಬಂತು. ಅವ್ವನ ಎರಡೂ ಮುಖಗಳ ಸುತ್ತ ಕೆಂಪು ಗೆರೆ. ಪಕ್ಕದಲ್ಲಿ, ಒಂದೇ ಫೋಟೋ ಎರಡು ಕಡೆ ಇದೆ, ಮತ್ತೆ ಮಾಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮಗಳು ಚಾರ್ಟನ್ನು ನನ್ನ ಕೈಗೆ ಕೊಟ್ಟು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅಲ್ಲಿಂದಲೇ ಕೇಳಿದಳು.

"ಮಮ್ಮಿ, ಇದರಾಗ ಖರೆ ಆಯಿ ಯಾವುದು?"

ಎರಡೂ ಖರೆ ಎಂದೆ. ಹಾಗಾದರೆ ತಪ್ಪು ಎಂದು ಯಾಕೆ ಹಾಕಿದ್ದಾರೆ ಎಂದಳು. ಮೈಯೆಲ್ಲ ಉರಿದು, ಮರುದಿನ ಬೆಳಿಗ್ಗೆ ಅವಳ ಕೈ ಹಿಡಿದು ನಾನೇ ಸ್ಕೂಲಿಗೆ ಹೋದೆ.

ಟೀಚರ್ ಅಂದರೆ ನನಗಿಂತ ನಾಲ್ಕೈದು ವರ್ಷ ಚಿಕ್ಕ ತೆಲುಗು ಹುಡುಗಿ. ದಾರಿಯುದ್ದಕ್ಕೂ ತೆಲುಗಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಅರ್ಧ ಹೇಳುವುದರೊಳಗೆ ಅವಳಿಗೆ ತಿಳಿದುಹೋಯಿತು. ತನ್ನ ಅಕ್ಕನನ್ನೂ ಸೋದರಮಾವನಿಗೇ ಕೊಟ್ಟಿರುವುದು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ದನಿ ಇನ್ನಷ್ಟು ತಗ್ಗಿಸಿ, ಆದರೆ ಮೇಡಂ, ಪೇರೆಂಟ್ಸ್ ಡೇ ದಿನ ದೊಡ್ಡವರು ಬಂದು ನೋಡುತ್ತಾರೆ, ಮಗುವಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಾರೆ, ಅತ್ತೆಯ ಚೌಕಕ್ಕೆ ಬೇರೆ ಯಾವುದಾದರೂ ಹೆಂಗಸಿನ ಫೋಟೋ ಹಚ್ಚಿಬಿಡಿ ಎಂದಳು. ಯಾವ ಹೆಂಗಸು ಎಂದೆ. ಯಾರಾದರೂ ಆಗುತ್ತದೆ ಎಂದಳು.

ಗೊತ್ತಿಲ್ಲದವಳು ಹೇಳಿದ್ದರೆ ಜಗಳ ಆಡಬಹುದಿತ್ತು. ಎಲ್ಲ ಗೊತ್ತಿರುವವಳೇ ಹೀಗೆ ಹೇಳಿದರೆ ಯಾರ ಜೊತೆ ಆಡುವುದು? ಅದಕ್ಕಿಂತ ಸಿಟ್ಟು ಬಂದದ್ದು ನನ್ನ ಮೇಲೆ. ಅಷ್ಟು ಬುಸುಗುಟ್ಟಿಕೊಂಡು ಹೋದವಳು, ಅವಳು ಹೇಳಿದ್ದಕ್ಕೆ ಕೋಲೆ ಬಸವನ ಹಾಗೆ ತಲೆ ಆಡಿಸಿ ಬಂದಿದ್ದೆ.

ಗಂಡನಿಗೆ ಹೇಳಿದೆ. ಕೈಕಾಲು ತೊಳೆದು, ಕೂದಲಿನ ಕಲ್ಲುಪುಡಿ ಕೊಡವುತ್ತ, ಎದುರು ಮನೆಯವರ ಫೋಟೋ ಕೇಳಿ ತಂದು ಹಚ್ಚು, ಅವರೂ ಖುಷಿಪಡುತ್ತಾರೆ ಎಂದರು. ನಾನು ಸೌಟು ಕೆಳಗಿಟ್ಟು ಅವರ ಮುಖ ನೋಡಿದೆ. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಎಂಬುದು ಅವರ ಯಾವತ್ತಿನ ಮಾತು, ಅಂದೂ ಅದೇ. ಅವರು ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ, ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸಿದವರಲ್ಲ. ಈ ಒಳ್ಳೆಯತನದ ಮುಂದೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ.

ಅವರು ನನಗಿಂತ ಹನ್ನೊಂದು ವರ್ಷ ದೊಡ್ಡವರು. ಚಿಕ್ಕವಳಿದ್ದಾಗ ಮನೂರಿನ ಸಂತೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದ ಮಾಮಾ. ನಾನು ಜಹೀರಾಬಾದಿನ ಹಾಸ್ಟೆಲಿನಲ್ಲಿದ್ದು ಹನ್ನೆರಡನೇ ಕ್ಲಾಸಿನ ಇಂಟರ್ ಮುಗಿಸಿದಾಗ, ಟೀಚರ್ ಟ್ರೈನಿಂಗಿಗೆ ಸೀಟೂ ಸಿಕ್ಕಿತ್ತು. ಆಗ ಅವರ ತಾಯಿ, ಅಂದರೆ ನನ್ನ ಅಜ್ಜಿ, ತಾನಿನ್ನು ಒಂದು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ, ಮೊಮ್ಮಗಳೇ ಸೊಸೆಯಾಗಿ ಬಂದು ಬಾಯಿಗೆ ನೀರು ಬಿಡಬೇಕು ಎಂದು ಹಾಸಿಗೆ ಹಿಡಿದಳು. ಮದುವೆಯಾಯಿತು. ಅಜ್ಜಿ ಎದ್ದು ಕೂತು ಆರು ವರ್ಷ ಜೋಳದ ರೊಟ್ಟಿ ತಿಂದು ಹೋದ ವರ್ಷ ತೀರಿಕೊಂಡಳು. ಸೀಟು ಯಾರ ಪಾಲಾಯಿತೋ ಗೊತ್ತಿಲ್ಲ. ಮದುವೆಯ ಹಿಂದಿನ ದಿನದವರೆಗೆ ಬಾಯಿ ತುಂಬ ಮಾಮಾ ಎನ್ನುತ್ತಿದ್ದವಳಿಗೆ ಮರುದಿನದಿಂದ ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ ಹೋಯಿತು. ಇವತ್ತಿಗೂ ಏನ್ರಿ, ಕೇಳ್ರಿ ಎಂದೇ ಕಾಲ ತಳ್ಳುತ್ತಿದ್ದೇನೆ.

ಎದುರು ಮನೆಯವರ ಫೋಟೋ ನಾನು ತರಲಿಲ್ಲ. ಚಾರ್ಟಿನ ಹಿಂದೆ, ನನಗೆ ಬರುವ ಇಂಗ್ಲಿಷಿನಲ್ಲಿ, ಎರಡೂ ಚೌಕ ಸರಿಯಾಗಿವೆ, ನನ್ನ ಮಗಳು ತಪ್ಪು ಮಾಡಿಲ್ಲ ಎಂದು ಬರೆದು ಸಹಿ ಮಾಡಿ ಹಾಗೇ ಕಳಿಸಿದೆ. ಅದು ವಾಪಸ್ಸು ಬರಲಿಲ್ಲ.

ಪೇರೆಂಟ್ಸ್ ಡೇಗೆ ಅವ್ವ ಬಂದಳು. ಮನೂರಿನ ಕಡೆಯ ಹಳ್ಳಿಯಿಂದ ಖೇಡಕ್ಕೆ ಆಟೋ, ಖೇಡದಿಂದ ಜಹೀರಾಬಾದಿಗೆ ಬಸ್ಸು, ಅಲ್ಲಿಂದ ತಾಂಡೂರಿಗೆ ಇನ್ನೊಂದು ಬಸ್ಸು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಹಿಂಡಿಯ ಡಬ್ಬಿ ಹಿಡಿದು, ತನ್ನ ಫೋಟೋ ಸ್ಕೂಲಿನಲ್ಲಿ ಹಚ್ಚಿದ್ದಾರೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದಿದ್ದಳು. ನಮ್ಮ ಮರವನ್ನು ವರಾಂಡದ ಕೊನೆಯಲ್ಲಿ, ಅರ್ಧ ಬಾಗಿಲಿನ ಮರೆಗೆ ಬರುವಂತೆ ಹಚ್ಚಿದ್ದರು. ಮಗಳು ಬಾಗಿಲನ್ನು ತಾನೇ ತಳ್ಳಿ ಹಿಡಿದುಕೊಂಡು, ಇವಳು ನನ್ನ ಅಜ್ಜಿ, ಇವಳೇ ನನ್ನ ಅತ್ತೆ ಎಂದು ಬಂದವರಿಗೆಲ್ಲ ಹೇಳಿದಳು. ಕೆಲವರು ನಕ್ಕರು. ಟೈ ಕಟ್ಟಿದ ಒಬ್ಬರು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ನನ್ನ ಕಡೆ ನೋಡಿದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾದರೆ, ಅವ್ವ ಮಾತ್ರ ಎರಡೂ ಫೋಟೋ ಮುಟ್ಟಿ ಮುಟ್ಟಿ ನೋಡಿದಳು. ಬೇರೆ ಯಾವ ಅಜ್ಜಿಗೂ ಎರಡು ಚೌಕ ಸಿಕ್ಕಿರಲಿಲ್ಲ.

ಮನೆಗೆ ಬಂದ ಮೇಲೆ ಅಜ್ಜಿ ಮೊಮ್ಮಗಳು ನಡುಮನೆಯಲ್ಲಿ ಉಳಿದ ಫೋಟೋ, ಗೋಂದು, ಒಂದು ಹಾಳೆ ಹರವಿಕೊಂಡು ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಗಂಡ ಆಗಷ್ಟೇ ಬಂದು ಹೊರಗೆ ಕಾಲು ತೊಳೆಯುತ್ತಿದ್ದರು. ನಡುಮನೆಯಿಂದ ಕುಸುಕುಸು, ನಗು. ಒಂದು ಗಳಿಗೆ ಮಗಳು ನನ್ನನ್ನು ಕಾಡುತ್ತಿಲ್ಲವಲ್ಲ ಎಂದು ನನಗೂ ಹಾಯೆನಿಸಿತ್ತು. ಆಮೇಲೆ ಅವಳು ಹಾಳೆಯನ್ನು ಎತ್ತಿಕೊಂಡು ಒಲೆಯ ಹತ್ತಿರ ಓಡಿ ಬಂದಳು. ತಾನು ದೊಡ್ಡವಳಾದ ಮೇಲಿನ ಮರ ಎಂದಳು.

ಬುಡದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಪುಟ್ಟ ಮಗು. ಅದರ ಮೇಲೆ ಅವಳದೇ ಫೋಟೋ. ಅವಳ ಪಕ್ಕದ ಚೌಕದಲ್ಲಿ ನನ್ನ ತಮ್ಮ. ಖೇಡದಲ್ಲಿ ಓದುತ್ತಿರುವ, ಇನ್ನೂ ಮೀಸೆ ಸರಿಯಾಗಿ ಚಿಗುರದ ನನ್ನ ತಮ್ಮ. ಅವಳ ಕಡೆಯ ಅಜ್ಜಿಯ ಚೌಕದಲ್ಲಿ ನನ್ನ ಫೋಟೋ. ಅವನ ಕಡೆಯ ಅತ್ತೆಯ ಚೌಕದಲ್ಲಿ ಮತ್ತೆ ನನ್ನದೇ ಫೋಟೋ.

"ನೋಡು ಮಮ್ಮಿ, ನೀನೂ ಎರಡು ಕಡಿ ಬಂದಿ. ಆಯಿ ಹೇಳಿಕೊಟ್ಟಾಳ."

ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಹಾಳೆ ಹಿಡಿದು ನಡುಮನೆಗೆ ಹೋದೆ. ಅವ್ವ ಗೋಡೆಗೆ ಒರಗಿ ನಗುತ್ತಿದ್ದಳು. ಚೇಷ್ಟೆಗೆ ಹೇಳಿಕೊಟ್ಟೆ, ಮಾಮನ ಹೆಂಡತಿ ಅಂದರೆ ಕೂಸು ನಾಚುತ್ತದೆ, ಅದಕ್ಕೆ ಎಂದಳು.

"ನನಗೂ ಹಿಂಗೇ ಚೇಷ್ಟಿ ಮಾಡಿ ಮಾಡಿ ಮಾಮಾಗ ಕೊಟ್ಟೀರಿ ನೀವೆಲ್ಲ," ಎಂದೆ. "ಇದು ನನಗ ಸಾಕು ಅವ್ವ. ನನ್ನ ಮಗಳಿಗಿ ಈ ಮಾತು ಇನ್ನೊಮ್ಮೆ ಅನಬ್ಯಾಡ."

ಅವ್ವನ ನಗು ನಿಂತಿತು. ಅವಳು ಜಗಳಕ್ಕೆ ಬರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

"ನಿನಗೇನು ಕಡಿಮಿ ಆಗ್ಯಾದ?"

ಎಷ್ಟು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇನೋ ನನಗೇ ಗೊತ್ತು. ತೋರಿಸಲು ಒಂದು ಏಟಿನ ಗುರುತಿಲ್ಲ, ಒಂದು ಹೊತ್ತಿನ ಉಪವಾಸವಿಲ್ಲ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂಬುದು ಯಾರಿಗೂ ಕಡಿಮೆಯ ಹಾಗೆ ಕಾಣುವುದಿಲ್ಲ. ಬಾಯಿ ತೆರೆದರೆ ಅಳು ಬಂತು. ಆ ಅಳುವಿನ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಬಾಗಿಲಿನಲ್ಲಿ ಗಂಡ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದರು.

"ಬ್ಯಾಡ ಅಕ್ಕಾ," ಎಂದರು. "ನನ್ನ ಮಗಳು ಓದಾಕ ಹೋಗಲಿ."

ನನಗೆ ಸಂತೋಷವಾಗಬೇಕಿತ್ತು. ಅವರು ತಮ್ಮ ಅಕ್ಕನಿಗೆ ಎದುರಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಆದರೆ ಎದೆಯೊಳಗೆ ಎದ್ದದ್ದು ಸಂತೋಷವಲ್ಲ. ಬೇಡ ಎಂಬ ಮಾತು ಇವರಿಗೆ ಬರುತ್ತಿತ್ತು. ಇಷ್ಟು ಸಣ್ಣ ಮಾತು, ಹೀಗೆ ನಿಂತಲ್ಲೇ ನಿಂತು ಹೇಳುವಷ್ಟು ಸುಲಭದ ಮಾತು. ಮಗಳಿಗಾಗಿ ಬಂದ ಈ ಮಾತು ಏಳು ವರ್ಷದ ಹಿಂದೆ ಅಕ್ಕನ ಮಗಳಿಗಾಗಿ ಯಾಕೆ ಬರಲಿಲ್ಲ ಎಂದು ಆ ಮುಖವನ್ನು ಹಿಡಿದು ಕೇಳಬೇಕೆನಿಸಿತು. ಅವರು ನನ್ನ ಕಡೆ ನೋಡಲಿಲ್ಲ. ನೋಡಲಾಗಲಿಲ್ಲ ಎಂದೇ ನನಗೆ ಕಂಡಿತು.

ಅವ್ವ ತಮ್ಮನ ಕೈಯಿಂದ ಹಾಳೆ ಇಸಿದುಕೊಂಡು, ಮೊಣಕಾಲ ಮೇಲೆ ಇಟ್ಟುಕೊಂಡು, ಮಗನ ಫೋಟೋದ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ಗೋಂದು ಇನ್ನೂ ಹಸಿಯಿತ್ತು. ಫೋಟೋ ಮೆಲ್ಲಗೆ ಬಿಟ್ಟುಕೊಂಡು ಬಂತು. ಅದನ್ನು ಸೆರಗಿಗೆ ಒರೆಸಿ ತನ್ನ ಚೀಲದೊಳಗೆ ಹಾಕಿಕೊಂಡಳು.

ಮಗಳು ನಮ್ಮ ಮೂವರ ಮುಖವನ್ನೂ ನೋಡಿ, ಆಮೇಲೆ ಹಾಳೆಯನ್ನು ನೋಡಿದಳು.

"ಈಗ ಇಲ್ಲಿ ಯಾರದು ಹಚ್ಚಲಿ?"

ಯಾರದೂ ಬೇಡ, ಖಾಲಿ ಬಿಡು ಎಂದೆ.

"ಖಾಲಿ ಬಿಟ್ರ ಟೀಚರ್ ತಪ್ಪು ಹಾಕ್ತಾರ ಮಮ್ಮಿ."

"ಹಾಕಲಿ," ಎಂದೆ. "ನೂರು ಸಲ ಹಾಕಲಿ."