ನಾವಿಬ್ಬರೂ ಒಂದೇ ಎನ್ನುತ್ತಿದ್ದ ಕಾಲ

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಯಾರದೋ ಫೋನು ಸ್ಪೀಕರಿನಲ್ಲಿತ್ತು. ಕಸ್ಟಮರ್ ಕೇರಿನವರು ನಮ್ಮನ್ನು ಕಾಯಿಸುವಾಗ ಹಾಕುತ್ತಾರಲ್ಲ, ಆ ಪಿಯಾನೋ. ಹದಿನಾಲ್ಕನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ನಾನು ಒಂಬತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದೆ.

ಆಗ ನಾವು ಮೈಸೂರು ಬಿಟ್ಟು ಈ ಪರದೇಶದ ಪುಂಗೋಲ್‌ಗೆ ಬಂದು ಆರು ತಿಂಗಳು. ನಾನು ಬ್ಯೂನಾ ವಿಸ್ಟಾದ ಆಫೀಸೊಂದರಲ್ಲಿ ನೆಟ್‌ವರ್ಕ್ ಇಂಜಿನಿಯರ್. ನನ್ನ ಹೆಂಡತಿ ಸುಮಾ ಮೈಸೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷ ವಕೀಲಿ ಮಾಡಿ, ಎದುರು ಪಾರ್ಟಿಯ ಸಾಕ್ಷಿಗಳಿಗೆ ನೀರು ಕುಡಿಸಿದವಳು. ಇಲ್ಲಿ ಅವಳ ವೀಸಾ ಪಾಸಿನ ಮೇಲೆ ‘ಡಿಪೆಂಡೆಂಟ್’, ಅಂದರೆ ಗಂಡನ ಅವಲಂಬಿತೆ, ಎಂದಿತ್ತು. ಬಾಡಿಗೆ ಕರಾರು, ಕರೆಂಟು, ಇಂಟರ್ನೆಟ್ಟು ಎಲ್ಲ ನನ್ನ ಹೆಸರಿನಲ್ಲಿ. “ಯಾರ ಹೆಸರಲ್ಲಿದ್ರೇನು, ನಾವಿಬ್ರೂ ಒಂದೇ ಅಲ್ವಾ?” ಎಂದು ನಾನು ದಾಂಪತ್ಯದ ಮೇಲೆ ಪ್ರವಚನ ಕೊಡುತ್ತಿದ್ದೆ. ನಂಬಿಯೂ ಇದ್ದೆ, ಅದೇ ದುರಂತ.

ಒಂದು ಬುಧವಾರ ಮೂರು ಗಂಟೆಗೆ ಅವಳಿಗೆ ವಕೀಲರ ಸಂಸ್ಥೆಯೊಂದರ ವಿಡಿಯೋ ಇಂಟರ್‌ವ್ಯೂ. ಆರು ತಿಂಗಳಲ್ಲಿ ಬಂದ ಮೊದಲ ಕರೆ. ಎರಡು ಗಂಟೆಗೆ ಸರಿಯಾಗಿ ನೆಟ್‌ವರ್ಕ್ ಇಂಜಿನಿಯರನ ಮನೆಯ ನೆಟ್ ಹೋಯಿತು. ನನಗೆ ನಾಲ್ಕು ಸಲ ಫೋನ್ ಮಾಡಿದಳು. ನಾನು ಮೀಟಿಂಗಿನಲ್ಲಿ ಫೋನನ್ನು ಮಕಾಡೆ ಮಲಗಿಸಿದ್ದೆ. ಕೊನೆಗೆ ಇಂಟರ್ನೆಟ್ ಕಂಪನಿಗೇ ಮಾಡಿದಳು. ಒಬ್ಬ ಹುಡುಗಿ ಎತ್ತಿದಳು.

“ಸಾರಿ ಮ್ಯಾಮ್, ಅಕೌಂಟ್ ಹೋಲ್ಡರೇ ಮಾತಾಡ್ಬೇಕು.”

“ಅವರು ನನ್ನ ಹಸ್ಬೆಂಡ್.”

“ಹಾಗಾದ್ರೆ ಹಸ್ಬೆಂಡ್‌ಗೆ ಫೋನ್ ಕೊಡಿ ಲಾ,” ಎಂದಳು, ಇಲ್ಲಿನವರ ಮಾತಿನ ಬಾಲ ‘ಲಾ’ ಸೇರಿಸಿ.

ಸುಮಾ ಗಂಟಲು ಸರಿಮಾಡಿಕೊಂಡಳಂತೆ. “ನೋಡಿ, ಹಳೇ ಇಂಗ್ಲಿಷ್ ಕಾನೂನಲ್ಲಿ ಮದುವೆ ಆದ್ಮೇಲೆ ಗಂಡ ಹೆಂಡತಿ ಸೇರಿ ಒಬ್ಬನೇ ವ್ಯಕ್ತಿ. ಆ ವ್ಯಕ್ತಿ ಗಂಡ. ಹೆಂಡತಿ ಅಂತ ಬೇರೆ ಯಾರೂ ಇಲ್ಲ. ಅಂದಮೇಲೆ ಈಗ ನಿಮ್ಮ ಜೊತೆ ಮಾತಾಡ್ತಿರೋದು ಅವರೇ.”

ಆ ಕಡೆ ಪಿಯಾನೋ ಶುರುವಾಯಿತು. ಸೂಪರ್‌ವೈಸರನ್ನು ಕೇಳಿಕೊಂಡು ಬಂದ ಹುಡುಗಿ ಬಹಳ ವಿನಯದಿಂದ ಹೇಳಿದಳು: “ಮ್ಯಾಮ್, ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ.”

ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ. ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ವಾಯ್ಡ್ ಡೆಕ್ಕಿಗೆ, ಅಂದರೆ ಕಟ್ಟಡದಡಿಯ ತೆರೆದ ಜಾಗಕ್ಕೆ, ಓಡಿದಳು. ಅಲ್ಲಿ ಕಲ್ಲಿನ ಮೇಜಿನ ಬಳಿ ಇಬ್ಬರು ಅಂಕಲ್‌ಗಳು ಚೆಸ್ ಆಡುತ್ತ ಜೋರಾಗಿ ಜಗಳವಾಡುತ್ತಿದ್ದರು. ಅದು ಯಾರ ದನಿ ಎಂದು ಇಂಟರ್‌ವ್ಯೂ ಮಾಡುವವರು ಕೇಳಿದರೆ, “ನೆರೆಯವರು. ಇಬ್ಬರೂ ಪ್ರತ್ಯೇಕ ವ್ಯಕ್ತಿಗಳು” ಎಂದಳಂತೆ. ಹಾಗೆಂದರೇನು ಎಂದರು. ಇಂಟರ್ನೆಟ್ಟಿನ ಕಥೆ ಹೇಳಿದಳು. ಅವರು ನಕ್ಕರು, ಕೆಲಸವನ್ನೂ ಕೊಟ್ಟರು.

ಸಂಜೆ ನಾನು ಬುದ್ಧಿವಂತನಂತೆ ಕೇಳಿದೆ, “ಆ ಕಾನೂನು ಸತ್ತು ಎಷ್ಟೋ ಕಾಲ ಆಯ್ತಲ್ಲ?”

“ಸತ್ತಿದೆ ರೀ. ಆಗ ಹೆಂಡತಿ ತನ್ನ ಹೆಸರಲ್ಲಿ ಒಂದು ಕರಾರಿಗೂ ಸಹಿ ಹಾಕೋ ಹಾಗಿರ್ಲಿಲ್ಲ, ಈಗ ಹಾಕಬಹುದು. ಫಾರ್ಮ್‌ಗಳಿಗೆ ಮಾತ್ರ ಇನ್ನೂ ಸಾವಿನ ಸುದ್ದಿ ಮುಟ್ಟಿಲ್ಲ.” ನನ್ನ ಕಡೆ ತಿರುಗಿ ಸೇರಿಸಿದಳು, “ನಿಮಗೂ.”

ಕಳೆದ ತಿಂಗಳು ನಮ್ಮ ಆಫೀಸು ಮುಚ್ಚಿತು. ಈಗ ನಾನು ಸುಮಾಳ ಪಾಸಿನ ಮೇಲೆ ಡಿಪೆಂಡೆಂಟ್. ಇವತ್ತು ಆ ಲಿಫ್ಟಿನಲ್ಲಿ ಇಳಿದು ನಾವು ಹೊರಟದ್ದು ಸೆಂಬವಾಂಗ್‌ನಲ್ಲಿ ಗೆಳೆಯರ ಗೃಹಪ್ರವೇಶಕ್ಕೆ. ಅಲ್ಲಿ ಒಬ್ಬರು, “ನೀವು ಏನ್ ಮಾಡ್ಕೊಂಡಿದ್ದೀರಿ?” ಎಂದು ನನ್ನನ್ನು ಕೇಳಿದರು. ನಾನು ಪಾಯಸ ಕುಡಿಯತೊಡಗಿದೆ. ಸುಮಾ ತನ್ನ ಲೋಟ ಕೆಳಗಿಟ್ಟು ನನ್ನ ಹೆಸರು ಹೇಳಿದಳು, ಇಪ್ಪತ್ತು ವರ್ಷ ನಾನು ಮಾಡಿದ ಕೆಲಸ ಹೇಳಿದಳು. ಯಾರ ಗಂಡ ಎಂಬುದನ್ನು ಕೊನೆಗೆ, ಬೇಕಿದ್ದರೆ ಇರಲಿ ಎಂಬಂತೆ ಹೇಳಿದಳು.

ನಾನಾದರೋ ಇಷ್ಟು ವರ್ಷ ಇಂಥ ಕೂಟಗಳಲ್ಲಿ ಅವಳನ್ನು ‘ನಮ್ಮನೆಯವರು’ ಎಂದಷ್ಟೇ ಪರಿಚಯಿಸಿ ಊಟಕ್ಕೆ ಕೂತುಬಿಡುತ್ತಿದ್ದೆ.

ಅಷ್ಟರಲ್ಲಿ ಇನ್ನೊಂದು ಜೋಡಿ ನಮ್ಮ ಹತ್ತಿರ ಬಂತು. ನಾನು ಎದ್ದು ನಿಂತೆ.

“ಇವರು ಸುಮಾ,” ಎಂದೆ. “ವಕೀಲರು.”