ಕಚ್ಚಿದ ನೇರಳೆಯ ಬೆನ್ನು ಹತ್ತಿ

ನಾನು ಓದು ಬಿಟ್ಟದ್ದು 1958ರಲ್ಲಿ, ನಾಲ್ಕನೇ ತರಗತಿಯ ನಡುವೆ. ನಾವು ಒಕ್ಕಲು ಮಕ್ಕಳು. ಮರಗೆಲಸ ನಮ್ಮ ಮನೆಯಲ್ಲಿ ಯಾರಿಗೂ ಬಂದದ್ದಲ್ಲ. ಶ್ರೀರಂಗಪಟ್ಟಣದ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಹೊಟ್ಟು ಗುಡಿಸಲು ಸೇರಿ, ನೋಡಿ ನೋಡಿಯೇ ಉಳಿ ಹಿಡಿದವನು ನಾನು. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಒಬ್ಬರೂ ಇಲ್ಲ. ಈಗ ಬಾಗಿಲು ಕೆತ್ತುತ್ತೇನೆ. ನನ್ನ ಬಾಗಿಲನ್ನು ಯಾರೂ ಹೆಸರು ಕೇಳಿ ಗುರುತಿಸಬೇಕಿಲ್ಲ. ನೆತ್ತಿಯಲ್ಲಿ ಒಂದು ನೇರಳೆ ಗೊಂಚಲು, ಎರಡು ಕಡೆಗೂ ಎಲೆ, ಪ್ರತಿ ಎಲೆಯ ಅಂಚಿನ ಒಳಗೆ ಅಂಚನ್ನೇ ಹಿಡಿದು ಓಡುವ ಇನ್ನೊಂದು ತೆಳು ಗೆರೆ. ಗೊಂಚಲಿನಲ್ಲಿ ಒಂದು ಹಣ್ಣು ಮಾತ್ರ ಕಚ್ಚಿದ್ದು. ಎಲ್ಲೂ ನೋಡಿ ತೆಗೆದದ್ದಲ್ಲ. ಉಳಿ ಹಿಡಿದ ಮೊದಲ ವರ್ಷದಿಂದಲೇ ಅದು ಕೈಗೆ ತಾನಾಗಿ ಬರುತ್ತಿತ್ತು. ಕುಲದಿಂದ ಬಂದ ಕೆಲಸವಲ್ಲ ಎಂದು ಆಡಿಕೊಂಡವರಿಗೆಲ್ಲ ಆ ಗೊಂಚಲನ್ನೇ ತೋರಿಸಿ ಬಾಯಿ ಮುಚ್ಚಿಸಿದ್ದೇನೆ.

1994ರ ಜೂನ್ ತಿಂಗಳಲ್ಲಿ ಒಬ್ಬ ಗಿರಾಕಿ ಮಳಿಗೆಗೆ ಬಂದು, “ಗೌಡ್ರೆ, ಕ್ಯಾತನಹಳ್ಳೀಲೂ ಕೆಲ್ಸ ಹಿಡ್ದಿದ್ದೀರಾ? ಹೊಸಮನೆ ಬಾಗ್ಲಲ್ಲಿ ನಿಮ್ಮ ಗೊಂಚ್ಲು ನೋಡ್ದೆ” ಅಂದ. ಕ್ಯಾತನಹಳ್ಳಿಯಲ್ಲಿ ನಾನು ಒಂದು ಮೊಳೆಯನ್ನೂ ಹೊಡೆದವನಲ್ಲ. ಕೈಯಲ್ಲಿದ್ದ ಮರದ ಕೊಡತಿ ಕಾಲ ಮೇಲೆ ಬಿತ್ತು. ನೋವು ಗೊತ್ತಾದದ್ದು ಆಮೇಲೆ.

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಪಾಂಡವಪುರಕ್ಕೆ ಎರಡೂವರೆ ರೂಪಾಯಿ. ಅಲ್ಲಿಂದ ಕ್ಯಾತನಹಳ್ಳಿಗೆ ಟೆಂಪೋ. ಹಿಂದಿನ ರಾತ್ರಿ ಮಳೆ ಬಂದು ರಸ್ತೆ ಕೆಸರಾಗಿತ್ತು. ಎರಡು ಬದಿಯಲ್ಲೂ ಕಬ್ಬು ಎದೆಮಟ್ಟ ನಿಂತಿತ್ತು. ದಾರಿಯುದ್ದಕ್ಕೂ ಕಳ್ಳನಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಂಡು ಹೋದೆ.

ಹೊಸಮನೆಯ ಬಾಗಿಲಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ತಲೆಯೆತ್ತಿ ನೋಡಿದವನು ದಂಗಾದೆ. ಗೊಂಚಲು ಅದೇ, ಎಲೆಯೊಳಗಿನ ಗೆರೆ ಅದೇ, ಬಲಗಡೆಯಲ್ಲಿ ಕಚ್ಚಿದ ಹಣ್ಣೂ ಅದೇ. ಪಡಸಾಲೆಯಲ್ಲಿ ಮೂವತ್ತರ ಆಸುಪಾಸಿನ ಬಡಗಿಯೊಬ್ಬ ಕಿಟಕಿಗೆ ಕೀಸುಳಿ ಹಾಕುತ್ತ ಕೂತಿದ್ದ. ಹೆಸರು ನಂಜುಂಡಾಚಾರಿ.

“ಯಾವನ್ಲಾ ಇದನ್ನ ಕೆತ್ತಿದ್ದು?” ಅಂದೆ.

“ನಾನೇ. ಯಾಕೆ, ಸೊಟ್ಟಗೈತಾ?”

“ಸೊಟ್ಟಗಿದ್ರೆ ಸುಮ್ಕಿರ್ತಿದ್ದೆ. ನೆಟ್ಟಗೈತೆ, ಅದ್ಕೇ ಬಂದಿವ್ನಿ. ಇದು ನನ್ನ ಗೊಂಚ್ಲು.”

“ಓಹೋ, ಪಟ್ಣದ ಗೌಡ್ರಾ!” ಅವನು ಎದ್ದು ಹೊಟ್ಟು ಕೊಡವಿಕೊಂಡ. “ಗೊಂಚ್ಲು ನಿಮ್ದು ಎಂಗಾಯ್ತದೆ? ನಾನು ಸಂತೆಬಾಚಹಳ್ಳೀಲಿ ಒಂದು ಬಾವಿಯಿಂದ ತೆಗ್ದ ಮರ ನೋಡಿ ಕೆತ್ತಿವ್ನಿ. ಅದು ಬಾವಿ ತಳದಲ್ಲಿತ್ತು. ನೀವೇನಾದ್ರೂ ಬಾವಿಗೆ ಬಿದ್ದಿದ್ರಾ?”

ಅಷ್ಟರಲ್ಲಿ ಮನೆಯೊಡತಿ ನಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. “ಗೊಂಚ್ಲು ಯಾರ್ದಾರಾ ಆಗ್ಲಿ, ಬಾಗ್ಲ ಮೇಲೆ ಎಂಜ್ಲು ಹಣ್ಣು ಯಾಕ್ರಪ್ಪಾ? ಒಳಕ್ಕೆ ಬರೋ ಲಕ್ಷ್ಮಿ ಅದ ನೋಡ್ಬುಟ್ಟು ಅಂಗೇ ತಿರುಗ್ಲಿ ಅಂತಾನಾ? ಆಷಾಢ ಉಟ್ಟೋಕ್ ಮುಂಚೆ ನಾನು ಹಾಲುಕ್ಕಿಸ್ಬೇಕು. ಇಬ್ರೂ ಏನಾದ್ರೂ ತೀರ್ಮಾನ ಮಾಡಿ.”

ತೀರ್ಮಾನ ಹೀಗಾಯಿತು. ಇಬ್ಬರೂ ಹೋಗಿ ಬಾವಿಯ ಮರ ನೋಡುವುದು. ನಂಜುಂಡ ಹೇಳಿದ್ದು ಸುಳ್ಳಾದರೆ ಅವನೇ ತನ್ನ ಕೈಯಾರೆ ಗೊಂಚಲು ಪೂರ್ತಿ ಹೆರೆದು ತೆಗೆಯಬೇಕು. ನಿಜವಾದರೆ ನಾನು ಇದೇ ಬಾಗಿಲ ಮುಂದೆ ನಿಂತು, ಈ ಗೊಂಚಲು ನನ್ನದಲ್ಲ ಎಂದು ಹೇಳಬೇಕು. ನನಗೆ ಆ ಮಾತು ಹೇಳುವ ಭಯವೇನೂ ಇರಲಿಲ್ಲ. ನನ್ನ ತಲೆಯಿಂದ ಬಂದದ್ದು ಬಾವಿಯ ತಳದಲ್ಲಿ ಹೇಗಿದ್ದೀತು?

ಕೆ.ಆರ್. ಪೇಟೆ ಕಡೆಯ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ನೇರಳೆ ಮರದ ಕೆಳಗೆ ನಿಂತೆವು. ನೆಲವೆಲ್ಲ ಹಣ್ಣು ಉದುರಿ ಕಪ್ಪಾಗಿತ್ತು. ಇಬ್ಬರೂ ಆಯ್ದು ತಿಂದು ನಾಲಿಗೆ ನೇರಳೆ ಮಾಡಿಕೊಂಡೆವು. ನಂಜುಂಡ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು, “ಇಲ್ನೋಡಿ” ಅಂದ.

ಎಲೆಯ ಅಂಚಿನ ಒಳಗೆ, ಅಂಚನ್ನೇ ಹಿಡಿದು ಓಡುವ ತೆಳು ಗೆರೆ. ನಾನು ಅಲಂಕಾರಕ್ಕೆಂದು ಹಾಕುತ್ತಿದ್ದೆ ಎಂದುಕೊಂಡಿದ್ದ ಅದೇ ಗೆರೆ. ಎಲೆಯ ತುಂಬ ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕಿಗಳು ಬೇರೆ. ಇಷ್ಟು ವರ್ಷ ನೇರಳೆ ಎಲೆ ಕೆತ್ತಿದವನು ಒಂದು ದಿನವೂ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿರಲಿಲ್ಲ.

“ಕಳ್ಳ ಯಾರು ಅಂತ ಗೊತ್ತಾಯ್ತಾ ಗೌಡ್ರೆ? ಈ ಮರವ ಪಂಚಾಯ್ತಿಗೆ ಕರ್ಸಿ” ಅಂದ ನಂಜುಂಡ.

“ನೀನು ಬಾಯ್ಮುಚ್ಕೊಂಡು ಹಣ್ಣು ತಿನ್ಲಾ” ಅಂದೆ. ಆದರೆ ಮುಂದೆ ಚಿನಕುರಳಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಾಗ, ನೀಲಗಿರಿ ತೋಪಿಗೆ ನಾನಾಗಿಯೇ ಹೋಗಿ ಒಂದು ಎಲೆ ಕಿತ್ತು ಹಿಡಿದು ನೋಡಿದೆ. ಅದರಲ್ಲೂ ಅದೇ ಗೆರೆ, ಅವೇ ಚುಕ್ಕಿ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸೀಬೆಹಣ್ಣಿನ ಮಂಕರಿಗೆ ಹೊದಿಸಿದ್ದ ಎಲೆಗಳನ್ನೂ ಎತ್ತಿ ನೋಡಿದೆ. ಗೆರೆ ಅಷ್ಟು ಸ್ಪಷ್ಟವಿಲ್ಲ, ಚುಕ್ಕಿ ಇದ್ದವು. “ಹಣ್ಣು ತಕಳ್ಳೋನು ಹಣ್ಣು ನೋಡ್ತಾನೆ. ನೀನ್ಯಾರಪ್ಪ, ಮೇಕೆ ಸಾಕಿದ್ದೀಯಾ?” ಎಂದು ಮಾರುವಾಕೆ ರೇಗಿದಳು. ಒಂದು ರೂಪಾಯಿಗೆ ನಾಲ್ಕು ಸೀಬೆಹಣ್ಣು ಕೊಂಡು ಬಾಯಿ ಮುಚ್ಚಿಸಿದೆ. ಆ ರಾತ್ರಿ ಪೇಟೆಯಲ್ಲೇ ತಂಗಿದೆವು. ಮುದ್ದೆ, ಹುರುಳಿ ಸಾರು ಚೆನ್ನಾಗಿತ್ತು. ಲಾಡ್ಜಿನ ತಿಗಣೆಗಳು ಅದಕ್ಕಿಂತ ಚೆನ್ನಾಗಿ ಉಂಡವು.

ಎರಡನೇ ದಿನ ಮೊದಲ ಬಸ್ಸಿಗೆ ಸಂತೆಬಾಚಹಳ್ಳಿ. ಬಾವಿಯ ಯಜಮಾನ ಸಿಂಗ್ರೀಗೌಡರಿಗೆ ಎಪ್ಪತ್ತು ದಾಟಿದೆ, ಹಲ್ಲು ಒಂದೂ ಇಲ್ಲ, ಮಾತಿಗೆ ಕಡಿಮೆಯಿಲ್ಲ. ಹತ್ತಿರದಲ್ಲಿ ಕೊಳವೆ ಬಾವಿ ಕೊರೆದ ಮೇಲೆ ಇವರ ಬಾವಿ ಬತ್ತಿತು. ಕಲ್ಲುಕಟ್ಟಡ ಬಿಚ್ಚಿ ಮನೆ ಪಾಯಕ್ಕೆ ಹಾಕಿಕೊಳ್ಳುವಾಗ ತಳದಲ್ಲಿ ಬಾವಿಯಗಲದ ಮರದ ಬಳೆ ಸಿಕ್ಕಿತಂತೆ. ಮಳಲು ನೆಲದಲ್ಲಿ ಕಲ್ಲು ಕುಸಿಯದಿರಲಿ ಎಂದು ಹಿಂದಿನವರು ನೇರಳೆ ಮರದ ಬಳೆ ಮಾಡಿ ಇಳಿಸಿ, ಅದರ ಮೇಲೆ ಕಲ್ಲು ಕಟ್ಟುತ್ತಿದ್ದರು. ನೇರಳೆ ನೀರಿನಲ್ಲಿ ಕೊಳೆಯುವ ಮರವಲ್ಲ.

ಬಳೆಯ ತುಂಡುಗಳು ಬಿಲ್ಲಿನಂತೆ ಬಾಗಿ ಕೊಟ್ಟಿಗೆಯ ಗೋಡೆಗೆ ಒರಗಿದ್ದವು. ಒಂದರ ಮೇಲೆ ಎಮ್ಮೆ ಕರು ಮೈ ಉಜ್ಜುತ್ತಿತ್ತು. ಅದನ್ನು ಓಡಿಸಿ ನೋಡಿದೆ. ಇದ್ದಿಲಿನಂತೆ ಕಪ್ಪು ಮರ. ಬೆರಳ ಗೆಣ್ಣಿನಿಂದ ಬಡಿದರೆ ಕಂಚಿನಂತೆ ದನಿ. ಮೇಲೆ ನನ್ನ ಗೊಂಚಲು. ನನ್ನದೆಂದೆನಲ್ಲ, ಹೇಗೆ ಹೇಳಲಿ? ನನ್ನ ಕೈಗಿಂತ ಗಟ್ಟಿಯಾದ ಕೈ ನನ್ನ ಗೊಂಚಲನ್ನು ಕೆತ್ತಿದ ಹಾಗೆ. ಎಲೆಗಳು ಮಗುಚಿಕೊಳ್ಳುವ ಕಡೆ ನನ್ನವು ಸತ್ತಂತೆ ಮಲಗುತ್ತವೆ, ಇವು ಗಾಳಿಗೆ ಎದ್ದಿದ್ದವು. ನೆಲದಲ್ಲೇ ಕುಕ್ಕುರುಗಾಲಲ್ಲಿ ಕೂತೆ.

“ಬಾವಿ ಯಾವಾಗ ತೆಗ್ಸಿದ್ದು ಗೌಡ್ರೆ?” ಎಂದು ಕೇಳಿದೆ.

“ನಾನು ಉಟ್ಟೋಕ್ ಮುಂಚೇನೇ. ಮುದ್ದಾಚಾರಿ ಅಂತ ಒಬ್ಬ ಮಾಡ್ದೋನು. ನೀರೊಳಗಿರೋದಕ್ಕೆ ಚಿತ್ತಾರ ಯಾಕ್ಲಾ ಅಂದ್ರೆ, ಗಂಗಮ್ಮ ನೋಡ್ತಾಳೆ ಅಂದ್ನಂತೆ. ಅಂಗಾದ್ರೆ ಅದ್ರ ಕೂಲೀನೂ ಗಂಗಮ್ಮನ್ನೇ ಕೇಳು ಅಂದಿದ್ರಂತೆ ನಮ್ಮಪ್ಪ.”

ನಂಜುಂಡ ಎಮ್ಮೆ ಕರುವಿನ ಬೆನ್ನು ಸವರುತ್ತ ನಿಂತ. ಅವನು ನಕ್ಕಿದ್ದರೆ ನನಗೆ ಸಲೀಸಾಗುತ್ತಿತ್ತು. ನಾನು ಒಂದೊಂದೇ ತುಂಡನ್ನು ಅಂಗೈಯಿಂದ ಸವರುತ್ತ ಹೋದೆ. ಕೊನೆಯ ತುಂಡಿಗೆ ಬಂದಾಗ ಎದ್ದು ನಿಂತೆ. “ಕಚ್ಚಿದ ಹಣ್ಣು ಎಲ್ಲೈತ್ಲಾ ನಂಜುಂಡ? ಒಂದ್ರಲ್ಲೂ ಇಲ್ಲ.”

ಅವನು ತಲೆ ಕೆರೆದುಕೊಂಡ. “ಅದೊಂದು ಮಾತ್ರ ಪಾಂಡವಪುರದಲ್ಲಿ ನೀವು ಮಾಡಿದ್ ಬಾಗ್ಲು ನೋಡಿ ಹಾಕ್ದೆ. ಚೆಂದಾಗಿತ್ತು.”

“ಅಂಗೆ ಬಾ ದಾರಿಗೆ. ಗೊಂಚ್ಲು ಮುದ್ದಾಚಾರಿದು, ಕಚ್ಚಿದ್ದು ನಂದು.”

“ಆಯ್ತು, ಅದೊಂದ ಹೆರ್ದಾಕ್ತೀನಿ. ನಿಂಗಮ್ಮಂಗೂ ಅದೇ ಬೇಕಾಗಿರೋದು.”

ಗೆದ್ದೆ ಅಂದುಕೊಂಡರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ನೋಡದೇ ಇದ್ದ ಗೊಂಚಲು ನನ್ನ ಕೈಗೆ ಹೇಗೆ ಬಂತು? ಮುದ್ದಾಚಾರಿ ಯಾವ ಊರಿನವನು ಎಂದು ಕೇಳಿದೆ. “ನಾಗಮಂಗಲದ ಪಕ್ಕ, ಬೋರೇಕೊಪ್ಪಲು” ಅಂದರು ಸಿಂಗ್ರೀಗೌಡರು.

ಅದು ನನ್ನ ಅವ್ವನ ತವರು. ನನಗೆ ಐದು ತುಂಬುವವರೆಗೆ ಅಪ್ಪ ಅಲ್ಲೇ ಮಾವನ ಜಮೀನು ಮಾಡಿಕೊಂಡಿದ್ದರು. ಆಮೇಲೆ ಪಟ್ಟಣ ಸೇರಿದ್ದು. ಅವ್ವ ಹೋದ ಮೇಲೆ ನಾನು ಅತ್ತ ಕಾಲಿಟ್ಟಿರಲಿಲ್ಲ.

ಸಿಂಗ್ರೀಗೌಡರು ಸಾಕ್ಷಿಗಿರಲಿ ಎಂದು ಒಂದು ತುಂಡು ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಲಗೇಜು ಟಿಕೆಟ್ ಹರಿದ. “ಗಂಗಮ್ಮನ ಕಡೆಯವ್ರು ಸ್ವಾಮಿ, ಅರ್ಧ ಮಾಡ್ಕೊಳಿ” ಎಂದು ನಂಜುಂಡ ಅಂಗಲಾಚಿದ. ಆಗಲಿಲ್ಲ. ನಾಗಮಂಗಲದಲ್ಲಿ ಇಳಿದು ತುಂಡಿಗೆ ಸರದಿಯ ಮೇಲೆ ಹೆಗಲು ಕೊಟ್ಟು ಬೋರೇಕೊಪ್ಪಲಿಗೆ ನಡೆದೆವು.

ಸೋದರಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಅತ್ತೆ ಕೆಂಪಮ್ಮ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದರು. ನಾನು ಯಾರೆಂದು ಹೇಳಿದ್ದೇ ಸೈ, ಮೊದಲು ಬೈಗುಳ. “ಅವ್ವ ಸತ್ರೆ ಅತ್ತೇನೂ ಸತ್ಲು ಅಂದ್ಕೊಂಡ್ಯೇನ್ಲಾ? ಈಗ ಮರ ಒತ್ಕೊಂಡು ಬಂದವ್ನೆ, ನನ್ನ ಸುಡಾಕಾ?” ಆಮೇಲೆ ನೀರು, ಬೆಲ್ಲ. ಮುದ್ದಾಚಾರಿಯ ವಿಷಯ ಎತ್ತಿದೆ.

“ಅವ್ನು ಓಗಿ ಯಾವ ಕಾಲ ಆಯ್ತು! ಮಕ್ಕಳುಮರಿ ಇರ್ಲಿಲ್ಲ. ಅವ್ನ ಕೈದು ಅಂತ ಈ ಊರಲ್ಲಿ ಇರೋದು ನಮ್ಮ ತೊಟ್ಲು ಒಂದೇಯ.”

ತೊಟ್ಟಿಲು ಮನೆಯಲ್ಲಿರಲಿಲ್ಲ. ಕೇರಿಯ ಕೊನೆಯ ಮನೆಯಲ್ಲಿ ಸೊಸೆಗೆ ದಿನ ತುಂಬಿದೆ ಎಂದು ಒಯ್ದು ತೊಳೆದಿಟ್ಟಿದ್ದರು. ಅದರಲ್ಲಿ ಮಲಗಿದ ಕೂಸು ಗಟ್ಟಿಯಾಗುತ್ತದೆಂದು ಊರಿನವರೆಲ್ಲ ಬಾಣಂತನಕ್ಕೆ ಅದನ್ನೇ ಕೇಳಿ ಒಯ್ಯುತ್ತಾರಂತೆ. ಅತ್ತೆ ನಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋದರು.

ಹಾಲೆ ಮರದ ತೊಟ್ಟಿಲು, ಬೊಂಬೆ ಮಾಡುವ ಮೆದು ಮರ. ಎರಡು ಮಗ್ಗುಲಿಗೂ ಗೊಂಚಲು, ಎಲೆ, ಎಲೆಯೊಳಗೆ ಗೆರೆ. ಬಲಗಡೆಯ ಒಂದು ಹಣ್ಣು ಕಚ್ಚಿದ್ದು. ನಂಜುಂಡ ಹೆಗಲ ಮೇಲಿನ ತುಂಡನ್ನು ಮೆಲ್ಲಗೆ ಕೆಳಗಿಟ್ಟ. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಆ ಕಚ್ಚಿದ್ದೊಂದಾದರೂ ನನ್ನದೆಂದು ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದೆ.

“ನೀನು ಮಲ್ಗಿದ್ದು ಇದ್ರಲ್ಲೇ, ನಿನ್ನ ತಂಗೀನೂ ಇದ್ರಲ್ಲೇ” ಅಂದರು ಅತ್ತೆ. “ಅವ್ಳ ಮಲಗ್ಸಿ ನಿನ್ನವ್ವ ಗದ್ದೆಗೆ ಓದ್ರೆ, ನೀನು ಇದ್ರ ಪಕ್ಕ ನಿಂತ್ಕೊಂಡು ತೂಗ್ತಿದ್ದೆ.”

“ಮುದ್ದಾಚಾರಿ ಈ ಹಣ್ಣು ಯಾಕೆ ಕಚ್ಚಿದಂಗೆ ಕೆತ್ತಿದ ಅತ್ತೆ? ಬಾವೀಲಿ ಅಂಗೆ ಕೆತ್ತಿಲ್ಲ.”

ಅತ್ತೆ ಬಗ್ಗಿ ನೋಡಿ ನಗತೊಡಗಿದರು. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. “ಅವ್ನೆಲ್ಲಿ ಕೆತ್ತಿದ್ನೋ ಮುಠ್ಠಾಳ! ಅದು ನೀನು ಕಡ್ದಿದ್ದು! ತೊಟ್ಲು ತಂಗಿ ಪಾಲಾಯ್ತು ಅಂತ ಒಟ್ಟೆಕಿಚ್ಚು ನಿಂಗೆ. ತೂಗು ಅಂದ್ರೆ ಕಡೀತಿದ್ದೆ. ನಾನೇ ಬೇವಿನೆಣ್ಣೆ ಬಳ್ದಿವ್ನಿ. ಎಣ್ಣೆ ನೆಕ್ಕಂಡು ಕಡೀತಿದ್ದೆ!”

ನಾನು ಬೆರಳಿಟ್ಟು ನೋಡಿದೆ. ಒಂದರ ಪಕ್ಕ ಒಂದು ಮೂರು ಸಣ್ಣ ಗುಳಿ. ಪ್ರತಿ ಬಾಗಿಲಲ್ಲೂ ಕೊನೆಗೆ ದುಂಡು ಉಳಿ ಹಿಡಿದು ನಾನು ಹಾಕುವುದು ಮೂರೇ ಏಟು. ಮೂರೇ ಏಕೆ ಎಂದು ಒಂದು ದಿನವೂ ಕೇಳಿಕೊಂಡವನಲ್ಲ. ನಂಜುಂಡ ಬಂದು ಭುಜ ಮುಟ್ಟಿದ. “ಬುಡಿ ಗೌಡ್ರೆ, ನೀವು ಕಲ್ತಿದ್ದೂ ಆಚಾರಿ ಅತ್ರಾನೇ. ಗುರುಕಾಣ್ಕೆ ಕೊಡದೆ ಕಲ್ತಿದ್ದೀರಿ, ಅಷ್ಟೇಯ.”

ಮೂರನೇ ದಿನ ಜಕ್ಕನಹಳ್ಳಿ ಮೇಲೆ ಪಾಂಡವಪುರದ ಬಸ್ಸು ಹಿಡಿದೆವು. ಸೀಟು ಸಿಗಲಿಲ್ಲ, ಸಣ್ಣ ಮಳೆ ಬೇರೆ. ಇಬ್ಬರೂ ಬಾವಿಯ ತುಂಡಿನ ಮೇಲೆಯೇ ಕೂತು ಬಂದೆವು. ಕ್ಯಾತನಹಳ್ಳಿಯ ಬಾಗಿಲ ಮುಂದೆ ನಿಂತು, ನಿಂಗಮ್ಮ, ಅವರ ಯಜಮಾನರು, ಸುಣ್ಣ ಬಳಿಯುತ್ತಿದ್ದ ಇಬ್ಬರು ಎಲ್ಲರೂ ಕೇಳುವ ಹಾಗೆ ಹೇಳಿದೆ: “ಈ ಗೊಂಚ್ಲು ನಂದಲ್ಲ. ಬೋರೇಕೊಪ್ಲು ಮುದ್ದಾಚಾರಿದು.” ನಂಜುಂಡ ಕಚ್ಚಿದ ಹಣ್ಣನ್ನು ಹೆರೆಯಲು ಏಣಿ ಹತ್ತಿದ. ಹತ್ತಿದವನು ಸುಮ್ಮನೆ ಕೆಲಸ ಮಾಡದೆ ತೊಟ್ಟಿಲಿನ ಕಥೆಯನ್ನೆಲ್ಲ ಮೇಲಿಂದಲೇ ಸಾರಿದ.

ನಿಂಗಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಕೂಸು ಕಚ್ಚಿದ್ದಾ? ಅದನ್ನ ಮೊದ್ಲೇ ಯೋಳ್ಬಾರ್ದಾ? ಕೂಸು ಕಚ್ಚಿದ್ ಹಣ್ಣು ಇರೋ ಮನೇಲಿ ಕೂಸು ಆಡ್ತವೆ. ಇಳೀಲಾ ನಂಜುಂಡ, ಅದು ಅಲ್ಲೇ ಇರ್ಲಿ.”

ಸಂಜೆಯ ಬಸ್ಸಿಗೆ ಶ್ರೀರಂಗಪಟ್ಟಣ ಸೇರಿ ಮಳಿಗೆಯ ಬಾಗಿಲು ತೆಗೆದೆ. ಈಗ ನನ್ನಲ್ಲಿರುವುದು: ಬಾಡಿಗೆಯ ಮಳಿಗೆ ಒಂದು, ಉಳಿಗಳು ಹದಿನಾಲ್ಕು, ಬಾವಿಯಿಂದ ಬಂದ ನೇರಳೆ ತುಂಡು ಒಂದು. ನನ್ನದೇ ಎಂದು ಹೇಳಿಕೊಳ್ಳಬಹುದಾದದ್ದು ಹಣ್ಣೊಂದು, ಅದೂ ಕಚ್ಚಿದಷ್ಟು ಮಾತ್ರ.