ಗೇಟಿಗೆ ಬರುತ್ತಿದ್ದ ಅರ್ಧ ಲೀಟರ್ ಹಾಲು

ನನ್ನ ಸಂಬಳ ತಿಂಗಳ ಕೊನೆಗೆ ಎಲ್ಲಿ ಹೋಗುತ್ತದೆಂದು ನನಗೆ ಯಾವತ್ತೂ ತಿಳಿದಿಲ್ಲ. ಮರಳಿಗೆ ಸುರಿದ ನೀರಿನ ಹಾಗೆ ಇಂಗಿಬಿಡುತ್ತದೆ. ಅದಕ್ಕೇ ಒಂದು ಭಾನುವಾರ ಫೋನಿಗೆ ಖರ್ಚಿನ ಲೆಕ್ಕ ಇಡುವ ಆ್ಯಪ್ ಹಾಕಿಕೊಂಡೆ. ಬ್ಯಾಂಕಿನ ಮೆಸೇಜುಗಳನ್ನೆಲ್ಲ ತಾನೇ ಓದಿ, ನಾವು ಮರೆತರೂ ತಿಂಗಳು ತಿಂಗಳು ಕಟ್ಟಾಗುವ ದುಡ್ಡನ್ನು ಹೆಕ್ಕಿ ತೋರಿಸುವುದು ಅದರ ಕಸುಬು. ಯಲಹಂಕದ ಹತ್ತಿರ ಕೋಗಿಲಿನಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಎಳೆ ಬಿಸಿಲಿಗೆ ಅರೆಗಣ್ಣು ಮಾಡಿಕೊಂಡು ನೋಡುತ್ತ ಹೋದೆ.

ಒಂದು ಯೋಗದ ಕ್ಲಾಸು. ಒಂದು ಇಂಗ್ಲಿಷ್ ಕಲಿಸುವ ಕೋರ್ಸು. ಕಳೆದುಹೋದ ಫೋನಿನ ಕಾಲರ್ ಟ್ಯೂನು. ಒಂದೊಂದೂ ನಾನು ಆಗಬೇಕೆಂದುಕೊಂಡು ಆಗದೇ ಹೋದ ಒಬ್ಬೊಬ್ಬ ಹೆಂಗಸಿನಂತೆ ಕಂಡಿತು. ಪಾಪ, ಎಲ್ಲರಿಗೂ ನಾನೇ ದುಡ್ಡು ಕಟ್ಟುತ್ತಿದ್ದೆ. ಅವರನ್ನೆಲ್ಲ ಕಳಿಸಿಕೊಟ್ಟ ಮೇಲೆ ಪಟ್ಟಿಯ ಕೊನೆಯಲ್ಲಿ ಹಾಲು ಉಳಿಯಿತು.

ಅದೆಂಥ ಹಾಲು? ಇಲ್ಲಿಗೆ ಹಾಲು ತರಿಸುವುದು ನಮ್ಮ ಮನೆಯವರ ಫೋನಿನಿಂದ. ಒತ್ತಿ ನೋಡಿದರೆ ಕೊಡಿಗೇಹಳ್ಳಿಯ ವಿಳಾಸ. ವರ್ಷದ ಹಿಂದೆ ಬಿಟ್ಟು ಬಂದ ಬಾಡಿಗೆ ಮನೆಯ ಗೇಟಿಗೆ ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಲು ಹೋಗುತ್ತಲೇ ಇತ್ತು. ಬರುವಾಗಿನ ಸಿಟ್ಟಿನಲ್ಲಿ ಗೇಟಿಗೆ ತೂಗುಹಾಕಿದ್ದ ಬಟ್ಟೆ ಚೀಲವನ್ನೂ ಅಲ್ಲೇ ಬಿಟ್ಟಿದ್ದೆ. ಈ ವರ್ಷವಿಡೀ ನಸುಕಿನ ಜೊಂಪಿನಲ್ಲಿ ಎಷ್ಟೋ ಸಲ ಆ ಗೇಟಿನ ಕಿರ್ ಸದ್ದು ನನಗೆ ಕೇಳಿದ್ದುಂಟು. ನಾನು ಇನ್ನೂ ಅಲ್ಲೇ ಇದ್ದೇನೆ, ಕೆಳಗಿಳಿದು ಹಾಲು ತರಬೇಕು ಎಂದುಕೊಳ್ಳುತ್ತಲೇ ಮತ್ತೆ ನಿದ್ದೆ ಹೋಗುತ್ತಿದ್ದೆ.

ಸಿಟ್ಟು ಯಾಕೆಂದರೆ ಒಂದು ಮೊಳೆ. ನಾನು ಗದಗಿನ ಕಡೆಯವಳು, ಯಲಹಂಕದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಮದುವೆಯಾದ ಹೊಸದರಿಂದ ಆ ಮಹಡಿ ಮನೆಯಲ್ಲೇ ಇದ್ದೆವು. ಓನರಮ್ಮ ಕೆಳಗಿದ್ದರು, ತಲೆತಲಾಂತರದಿಂದ ಕೊಡಿಗೇಹಳ್ಳಿಯವರು, ಗಟ್ಟಿ ಗಂಟಲಿನವರು. ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು ಅವರ ಕಾನೂನು. ಒಂದು ದಿನ ಕ್ಯಾಲೆಂಡರಿಗೆಂದು ನಾನು ಹೊಡೆದೇಬಿಟ್ಟೆ. ಅಂಗೈಯಗಲದ ಗಾರೆ ಉದುರಿತು. ಅವರು ಮೆಟ್ಟಿಲು ಹತ್ತಿ ಬಂದು, ಇದೇನು ನಿಮ್ಮಪ್ಪನ ಮನೆಯಾ ಎಂದು ಕೇಳಿದರು. ನನಗೂ ಬಾಯಿ ಇತ್ತಲ್ಲ.

“ನಮ್ಮಪ್ಪನ ಮನಿ ಆಗಿದ್ರ ಗೋಡಿ ಹಿಂಗ ಉದುರತಿರಲಿಲ್ರೀ” ಎಂದೆ.

ಅಷ್ಟೇ. ಒಂದೇ ತಿಂಗಳಲ್ಲಿ ಮನೆ ಖಾಲಿ ಮಾಡಿದೆವು. ಬರುವ ದಿನ ಅವರು ಬಾಗಿಲಿಗೂ ಬರಲಿಲ್ಲ, ನಾನೂ ಹೇಳಿ ಹೊರಡಲಿಲ್ಲ.

ಈಗ ಬಾಲ್ಕನಿಯಲ್ಲಿ ಕೂತವಳಿಗೆ ಮೈಯೆಲ್ಲ ಉರಿಯಿತು. ಮೊಳೆಗೆ ಕುಣಿದಾಡಿದವರು ವರ್ಷವಿಡೀ ನನ್ನ ಹಾಲಿಗೆ ಬಾಯಿ ಮುಚ್ಚಿಕೊಂಡಿದ್ದಾರಲ್ಲ, ಎಲಾ ಇವರ! ‘ನಿಲ್ಲಿಸಿ’ ಎಂಬುದನ್ನು ಜೋರಾಗಿಯೇ ಒತ್ತಿದೆ.

ಬುಧವಾರ ಬೆಳಿಗ್ಗೆ ಫೋನು ಬಂತು. ಓನರಮ್ಮ. ಅವರ ಬಾಯಲ್ಲಿ ಹಾಲು ಯಾವತ್ತೂ ಆಲೇ.

“ಎಲ್ಡು ದಿವ್ಸದಿಂದ ಆಲು ಬಂದಿಲ್ಲ ಕಣವ್ವ. ಉಸಾರಾಗಿದ್ದೀಯಾ?”

ಬೈಯಲೆಂದೇ ಬಾಯಿ ತೆರೆದಿದ್ದೆ. ಆರಾಮ ಇದ್ದೇನೆ, ಭಾನುವಾರ ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ.

ಭಾನುವಾರ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಆಚೆ ಏರ್‌ಪೋರ್ಟ್ ರಸ್ತೆ ಮಂಜಿನಲ್ಲಿ ತೇಲಿದಂತಿತ್ತು. ಪಾಪ, ಜಗಳ ಮರೆತು ನಾನೇ ಪ್ರೀತಿಯಿಂದ ಹಾಲು ಕಳಿಸುತ್ತಿದ್ದೇನೆ ಎಂದುಕೊಂಡಿದ್ದಾರೆ ಅವರು. ನಿಜ ಹೇಳಿದರೆ ಆ ಹೆಂಗಸಿನ ಒಂದು ವರ್ಷದ ನಂಬಿಕೆ ಒಡೆದುಹೋಗುತ್ತದೆ. ಸುಳ್ಳು ಹೇಳಿದರೆ ಮಾಡದ ಪುಣ್ಯ ನನ್ನ ತಲೆಗೆ. ಯಾವುದಕ್ಕೂ ಮನಸ್ಸು ಒಪ್ಪದೆ ನನ್ನ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆಯುವುದರಲ್ಲಿದ್ದೆ.

ಗೇಟು ಕಿರ್ ಎಂದಿತು. ಒಗೆದ ಚೀಲ ಅದೇ ಜಾಗದಲ್ಲಿ ತೂಗಾಡುತ್ತಿತ್ತು. ಮನೆಯ ತುಂಬ ಬಾಡಿಗೆಯವರು, ಮೆಟ್ಟಿಲ ತುಂಬ ಚಪ್ಪಲಿ. ಓನರಮ್ಮ ಏನೂ ನಡೆದೇ ಇಲ್ಲವೆಂಬಂತೆ ಕಾಫಿ ತಂದಿಟ್ಟರು. ಅಂಗಡಿ ಹಾಲು, ಇದರಲ್ಲಿ ಕೆನೆಯೇ ಕಟ್ಟುವುದಿಲ್ಲ ಎಂದು ಗೊಣಗಿದರು. ನನಗೆ ಲೋಟ ಎತ್ತಲಾಗಲಿಲ್ಲ.

“ಆಂಟಿ, ಆ ಹಾಲು ನಾ ಬೇಕಂತ ಕಳಿಸಿದ್ದಲ್ರೀ. ನಿಲ್ಲಸೋದು ಮರ್ತಿದ್ದೆ” ಎಂದೆ.

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕರು.

“ನಂಗೊತ್ತಿಲ್ವಾ? ಮೊಳೆಗೆ ಜಗಳ ಆಡ್ಕೊಂಡು ಓದವಳು ಆಲು ಕಳುಸ್ತಾಳಾ?”

ನಾನು ಕಕ್ಕಾಬಿಕ್ಕಿಯಾದೆ. ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

“ಯೋಳಿದ್ರೆ ನೀನು ನಿಲ್ಲುಸ್ಬುಡ್ತಿದ್ದೆ. ಈಗಿರೋರೆಲ್ಲ ಏನಂದ್ರೂ ಓಕೆ ಆಂಟಿ ಅಂತವೆ. ಎದುರು ಮಾತಾಡೋರು ಒಬ್ರಿಲ್ಲ. ಬೆಳಿಗ್ಗೆ ಚೀಲ ಮುಟ್ಟಿದ್ರೆ ತಣ್ಣಗಿರೋದು. ಇನ್ನೂ ಪೂರ್ತಿ ಬುಟ್ಟೋಗಿಲ್ಲ ಇವಳು ಅನ್ಕೊಳ್ತಿದ್ದೆ.”

ನನ್ನ ಕಣ್ಣು ತುಂಬಿ ಬಂತು. ಕಾಫಿ ಕುಡಿಯುವ ನೆಪದಲ್ಲಿ ತಲೆ ತಗ್ಗಿಸಿದೆ. ಹಾಳಾದ ಕಾಫಿ, ಸಕ್ಕರೆ ಜಾಸ್ತಿಯಾಗಿತ್ತು. ಮೊದಲೂ ಹಾಗೇ ಮಾಡುತ್ತಿದ್ದರು. ಮೇಲಿನ ಮನೆಯಲ್ಲಿ ಯಾರೋ ನಡೆದಾಡುವ ಹೆಜ್ಜೆ ಕೇಳುತ್ತಿತ್ತು, ಅದು ನಾನೇ ಇರಬೇಕು ಎನ್ನಿಸಿತು. ಹೊರಡುವಾಗ ಅವರು ಗೇಟಿನ ತನಕ ಬಂದರು. ಗೇಟು ಹಿಡಿದುಕೊಂಡು, ಮೇಲೆ ನೋಡುತ್ತ ಹೇಳಿದರು:

“ಆ ಮೊಳೆ ಅಂಗೇ ಬುಟ್ಟಿದೀನಿ. ಕೀಳಕ್ಕೋದ್ರೆ ಗೋಡೆನೇ ಉದುರ್ತದೆ.”

ಮನೆಗೆ ಬಂದು ಹಾಲು ಮತ್ತೆ ಶುರುಮಾಡಿದೆ. ಮರು ತಿಂಗಳು ಆ್ಯಪ್ ಎಚ್ಚರಿಸಿತು. ಇದು ನೀವು ಮರೆತಿರುವ ಖರ್ಚು ಇರಬಹುದು, ನಿಲ್ಲಿಸಲೇ ಎಂದು ಕೇಳಿತು. ಸುಮ್ಮನಿರೋ, ಗೊತ್ತಿದ್ದೇ ಕಳಿಸುತ್ತಿದ್ದೇನೆ ಎಂದು ಫೋನಿಗೆ ಬೈದೆ.

ಇವತ್ತು ನಸುಕಿಗೇ ಓನರಮ್ಮನ ಫೋನು. ಪ್ಯಾಕೆಟ್ಟು ಸೋರಿ ಚೀಲವೆಲ್ಲ ಒದ್ದೆಯಾಗಿದೆಯಂತೆ, ಅದಕ್ಕೆ ನಾನೇ ಹೊಣೆಯಂತೆ. ನಾನೂ ಬಿಡಲಿಲ್ಲ. ಇಬ್ಬರೂ ಕಾಫಿ ಆರುವ ತನಕ ಜಗಳ ಆಡಿದೆವು.